ಗೃಹಾರೋಗ್ಯ: ಅಂಡಾಶಯದ ಗಡ್ಡೆಯೂ ಶಸ್ತ್ರಪೂರ್ವದ ಸಿದ್ಧತೆಯೂ



ಈ ಪುಟಗಳಲ್ಲಿ ಕುಡಿಯುವ ನೀರು, ಮಕ್ಕಳ ಜ್ವರ, ವೃದ್ಧರ ಕಣ್ಣಿನ ಪೊರೆ ಮೊದಲಾದುವನ್ನು ಕುರಿತು ನಾವು ಬರೆದುದುಂಟು. ಅವೆಲ್ಲವೂ ನಡುಮನೆಯಲ್ಲಿ ಕುಳಿತು ಹತ್ತು ಜನರ ಎದುರಿಗೆ ಆಡಬಹುದಾದ ಮಾತುಗಳು. ಈ ತಿಂಗಳು ತೆಗೆದುಕೊಂಡಿರುವ ವಿಷಯವಾದರೋ, ಅಡುಗೆಯ ಮನೆಯ ಬಾಗಿಲನ್ನು ಮುಂದಕ್ಕೆಳೆದುಕೊಂಡು ಹೆಂಗಸರು ಪಿಸುಮಾತಿನಲ್ಲಿ ಆಡುವಂಥದು. ಅರುವತ್ತು ವರ್ಷದ ನಿವೃತ್ತ ಉಪಾಧ್ಯಾಯರಿಗೆ ಸ್ತ್ರೀಯರ ಅಂಡಾಶಯದ ಗೊಡವೆ ಏತಕ್ಕೆಂದು ಕೆಲವರು ಹುಬ್ಬೇರಿಸಬಹುದು. ನಾವು ವೈದ್ಯರಲ್ಲ; ವೈದ್ಯರ ಸ್ಥಾನದಲ್ಲಿ ನಿಂತು ಮಾತನಾಡುವ ಹವಣೂ ನಮಗಿಲ್ಲ. ಆದರೆ ಇಂಗ್ಲಿಷಿನ ಕಾಗದ ಬಂದರೆ ಅದನ್ನು ಮೇಷ್ಟರ ಮನೆಗೆ ತಂದು ಓದಿಸಿಕೊಳ್ಳುವ ಪದ್ಧತಿಯು ನಮ್ಮ ಸೀಮೆಯಲ್ಲಿ ಇನ್ನೂ ಹೋಗಿಲ್ಲ. ಹಾಗೆ ಬಂದ ಒಂದು ಕಾಗದವೇ ಈ ಲೇಖನಕ್ಕೆ ಮೂಲ.

ಕಳೆದ ಮಾಘಮಾಸದ ಒಂದು ಬೆಳಿಗ್ಗೆ, ಚಾಮರಾಜನಗರದ ರಥದ ಬೀದಿಯ ಸಮೀಪದಲ್ಲಿರುವ ನಮ್ಮ ಮನೆಗೆ ಹಳೆಯ ಶಿಷ್ಯನೊಬ್ಬನು ಬಂದನು. ಗುಂಡ್ಲುಪೇಟೆಯ ಕಡೆಯವನು, ಅರಿಸಿನ, ಸಣ್ಣ ಈರುಳ್ಳಿ ಬೆಳೆಯುವ ರೈತ. ಜೊತೆಯಲ್ಲಿ ಹೆಂಡತಿಯೂ ತಾಯಿಯೂ ಇದ್ದರು. ಆತನು ಚೀಲದಿಂದ ಸ್ಕ್ಯಾನಿಂಗ್ ವರದಿಯನ್ನು ತೆಗೆದುಕೊಟ್ಟು, "ಮೇಷ್ಟ್ರೇ, ಏನ್ ಬರ್ದವ್ರೆ, ಒಸಿ ಓದಿ ಯೋಳಿ" ಎಂದನು. ಬಲಗಡೆಯ ಅಂಡಾಶಯದಲ್ಲಿ ೯ ಸೆಂಟಿಮೀಟರು ಅಗಲದ ಗಡ್ಡೆಯಿರುವುದೆಂದೂ, ಅದು ಡರ್ಮಾಯ್ಡ್ ಎಂಬ ಜಾತಿಯದಾಗಿರಬಹುದೆಂದೂ ಅದರಲ್ಲಿ ಬರೆದಿತ್ತು. ನಾವು ಕನ್ನಡಕವನ್ನೇರಿಸಿಕೊಂಡು ಆತನಿಗೆ ಗಂಭೀರವಾಗಿ ಅರ್ಥ ಹೇಳುತ್ತಿರಲು, ನಮ್ಮ ಮನೆಯಾಕೆಯು ಒಳಗಿನಿಂದ ಬಂದು, "ಹೊಟ್ಟೆ ಅವಳದು, ಕಾಗದ ಓದಿ ಹೇಳುವುದು ಅವನಿಗೋ?" ಎಂದು ಕೇಳಿದರು. ಮೂವತ್ತೈದು ವರ್ಷ ಪಾಠ ಹೇಳಿದ ನಮಗೆ ಆ ಒಂದು ಪ್ರಶ್ನೆಯು ಹೊಸ ಪಾಠವಾಯಿತು. ಆ ಹೆಣ್ಣುಮಗಳು ಕಂಬವನ್ನೊರಗಿ ನೆಲವನ್ನು ನೋಡುತ್ತ ಕುಳಿತಿದ್ದಳು. ಹತ್ತನೆಯ ತರಗತಿಯವರೆಗೆ ಓದಿದವಳು. ವರದಿಯು ತನ್ನದೇ ಆದರೂ ಅವಳ ಕೈಗೆ ಅದನ್ನು ಯಾರೂ ಕೊಟ್ಟಿರಲಿಲ್ಲ.

"ಬಾ ತಾಯಿ" ಎಂದು ಮನೆಯಾಕೆಯು ಅವಳನ್ನು ಒಳಕ್ಕೆ ಕರೆದೊಯ್ದರು. ಅರ್ಧ ಗಂಟೆಯ ಬಳಿಕ ನಿಜಸ್ಥಿತಿಯು ಹೊರಬಿದ್ದಿತು. ದೀಪಾವಳಿಯಿಂದಲೂ ಕಿಬ್ಬೊಟ್ಟೆಯ ಬಲಭಾಗದಲ್ಲಿ ನೋವು ಬಂದು ಹೋಗುತ್ತಿತ್ತು. ಈರುಳ್ಳಿ ಕೀಳುವ ಕಾಲದಲ್ಲಿ ಕೆಲಸಕ್ಕೆ ಕಳ್ಳತನ ಮಾಡುವಳೆಂದು ಆಡಿಕೊಂಡಾರೆಂಬ ಅಂಜಿಕೆಯಿಂದ ಅವಳು ಹೇಳಿರಲಿಲ್ಲ. ಹೇಳಿದ ಮೇಲೆ ಮೂರು ಉಪದೇಶಗಳು ಬಂದಿದ್ದವು. ಹರಕೆ ಹೊತ್ತು ನಾಟಿ ಔಷಧ ಕುಡಿದರೆ ಕರಗುವುದೆಂದು ಅತ್ತೆ. ಒಡವೆಯನ್ನು ಅಡವಿಟ್ಟಾದರೂ ನಾಳೆಯೇ ದೊಡ್ಡ ಪಟ್ಟಣಕ್ಕೆ ಓಡಬೇಕೆಂದು ಅಣ್ಣ. ಒಂದು ಮಗುವಂತೂ ಆಗಿದೆ, ಗರ್ಭಕೋಶವನ್ನೇ ತೆಗೆಸಿಬಿಟ್ಟರೆ ಪೀಡೆ ತೊಲಗಿತೆಂದು ನೆರೆಯವರು. ಮೂವರೂ ಪ್ರೀತಿಯಿಂದಲೇ ಹೇಳಿದವರು. ಮೂವರೂ ಗಡ್ಡೆ ಎಂತಹುದೆಂಬುದನ್ನು ತಿಳಿಯದೆ ಹೇಳಿದವರು. ಆದುದರಿಂದ ಮೊದಲು ಅದನ್ನೇ ತಿಳಿಯೋಣ.

ಗರ್ಭಕೋಶದ ಎಡಬಲಗಳಲ್ಲಿ ಬಾದಾಮಿಯ ಗಾತ್ರದ ಎರಡು ಅಂಡಾಶಯಗಳಿರುವುವು. ತಿಂಗಳು ತಿಂಗಳಿಗೂ ಅವುಗಳಲ್ಲೊಂದರಲ್ಲಿ ನೀರು ತುಂಬಿದ ಸಣ್ಣ ಗುಳ್ಳೆಯೊಂದು ಬೆಳೆದು, ಒಡೆದು, ಅಂಡವನ್ನು ಹೊರಗೆ ಬಿಡುವುದು. ಇದು ರೋಗವಲ್ಲ, ಪ್ರಕೃತಿಯ ಧರ್ಮ. ಕೆಲವು ವೇಳೆ ಆ ಗುಳ್ಳೆಯು ಒಡೆಯದೆಯೋ, ಒಡೆದ ಬಳಿಕ ಮತ್ತೆ ತುಂಬಿಕೊಂಡೋ ದೊಡ್ಡದಾಗುವುದು. ವೈದ್ಯರು ಸಿಸ್ಟ್ ಎನ್ನುವುದೂ, ನಮ್ಮ ಜನರು ನೀರುಗುಳ್ಳೆ ಅಥವಾ ಗಡ್ಡೆ ಎನ್ನುವುದೂ ಹೆಚ್ಚಾಗಿ ಇದನ್ನೇ. ಈ ಬಗೆಯವು ಎರಡು ಮೂರು ತಿಂಗಳಲ್ಲಿ ತಾವಾಗಿಯೇ ಕುಗ್ಗುವುವು. ಇಂತಹ ಸಮಯದಲ್ಲಿ ಔಷಧ ಕೊಟ್ಟವನಿಗೂ ಹರಕೆ ಹೊರಿಸಿದವನಿಗೂ ಕೀರ್ತಿ ಬರುವುದು. ಕರಗಿಸಿದ್ದು ಮಾತ್ರ ದೇಹವೇ.

ತಾವಾಗಿ ಹೋಗದ ಜಾತಿಗಳೂ ಇವೆ. ಡರ್ಮಾಯ್ಡ್ ಎಂಬುದರ ಒಳಗೆ ಕೊಬ್ಬು, ಕೂದಲು, ಒಮ್ಮೊಮ್ಮೆ ಹಲ್ಲು ಸಹ ಇರುವುದುಂಟು. ಇದನ್ನು ಕೇಳಿ ಮಾಟವೆಂದು ಬೆದರುವವರಿದ್ದಾರೆ. ಸಕಲ ಅಂಗಗಳಾಗಿಯೂ ಬೆಳೆಯಬಲ್ಲ ಬೀಜಕಣಗಳು ಅಂಡಾಶಯದಲ್ಲಿರುವುದರಿಂದ ಹೀಗಾಗುವುದೇ ಹೊರತು ಯಾರ ಕೈವಾಡವೂ ಅಲ್ಲ. ಗರ್ಭಕೋಶದ ಒಳಪದರದಂತಹ ಪದರವು ಅಂಡಾಶಯದಲ್ಲಿ ಬೆಳೆದು, ಮುಟ್ಟಿನ ಕಾಲದಲ್ಲಿ ರಕ್ತ ಸುರಿದು ಹಳತಾದಾಗ ಚಾಕೊಲೇಟ್ ಸಿಸ್ಟ್ ಎಂದು ಕರೆಯಲ್ಪಡುವುದು. ಮುಟ್ಟಿನ ಕಡುನೋವು ಇದರ ಲಕ್ಷಣ. ಇನ್ನು ಕೆಲವು ಅಂಡಾಶಯದ ಹೊರಮೈಯ ಕಣಗಳಿಂದ ಹುಟ್ಟಿ ಕುಂಬಳಕಾಯಿಯಷ್ಟಾಗುವುದೂ ಉಂಟು. ಸಣ್ಣ ಸಣ್ಣ ಗುಳ್ಳೆಗಳು ಹಲವು ಸೇರಿ, ಮುಟ್ಟು ತಪ್ಪಿ, ಮೈತೂಕವೇರುವ ಪಿ.ಸಿ.ಓ.ಎಸ್. ಎಂಬುದು ಬೇರೆಯೇ ಸ್ಥಿತಿ. ಅದಕ್ಕೆ ಆಹಾರ, ವ್ಯಾಯಾಮ, ಔಷಧಗಳೇ ಮುಖ್ಯ ಉಪಾಯವು. ಎರಡನ್ನೂ ಒಂದೆಂದು ಎಣಿಸಿ ಶಸ್ತ್ರಕ್ಕೆ ಅವಸರಪಡಬಾರದು.

ಹಾಗಾದರೆ ಶಸ್ತ್ರವು ಯಾವಾಗ ಬೇಕು? ಮುಟ್ಟು ನಿಲ್ಲದ ಸ್ತ್ರೀಯಲ್ಲಿ, ಬರಿಯ ನೀರು ತುಂಬಿದ, ೫ ಸೆಂಟಿಮೀಟರಿಗಿಂತ ಕಡಮೆಯಾದ ಗುಳ್ಳೆಯನ್ನು ಸಾಮಾನ್ಯವಾಗಿ ಹಾಗೆಯೇ ಬಿಡುವರು. ಅದಕ್ಕೆ ಮೇಲ್ಪಟ್ಟರೆ ಕಾಲಕಾಲಕ್ಕೆ ಸ್ಕ್ಯಾನ್ ಮಾಡಿ ನೋಡುವರು. ೭ ಸೆಂಟಿಮೀಟರನ್ನು ಮೀರಿದರೆ, ಒಳಗೆ ಗಟ್ಟಿಭಾಗವಿದ್ದರೆ, ನೋವು ನಿಲ್ಲದಿದ್ದರೆ ಅಥವಾ ತಿಂಗಳುಗಳು ಕಳೆದರೂ ಕುಗ್ಗದೆ ಬೆಳೆಯುತ್ತಿದ್ದರೆ ತೆಗೆಯುವ ವಿಚಾರ ಬರುವುದು. ಪ್ರಾಯದ ಸ್ತ್ರೀಯರಲ್ಲಿ ಇವುಗಳ ಬಹುಭಾಗವು ಅರ್ಬುದವಲ್ಲ, ಎಂದರೆ ಕ್ಯಾನ್ಸರ್ ಅಲ್ಲ. ಮುಟ್ಟು ನಿಂತವರಲ್ಲಿ ಕಂಡರೆ ಮಾತ್ರ ಹೆಚ್ಚಿನ ಎಚ್ಚರ ಬೇಕು. ಸಿ.ಎ. ೧೨೫ ಎಂಬ ರಕ್ತಪರೀಕ್ಷೆಯ ಅಂಕವು ಏರಿದೆಯೆಂದು ಕೂಡಲೇ ಅಳತಕ್ಕದ್ದಲ್ಲ. ಅದು ಮುಟ್ಟಿನ ದಿನಗಳಲ್ಲಿಯೂ ಚಾಕೊಲೇಟ್ ಸಿಸ್ಟ್‌ನಲ್ಲಿಯೂ ಏರುವುದುಂಟು. ಆದರೆ ಹೊಟ್ಟೆಯುಬ್ಬರವು ವಾರಗಟ್ಟಲೆ ನಿಲ್ಲದಿರುವುದು, ಎರಡು ತುತ್ತಿಗೇ ಹೊಟ್ಟೆ ತುಂಬಿದಂತಾಗುವುದು, ಮೈ ಇಳಿಯುವುದು, ಈ ಲಕ್ಷಣಗಳನ್ನು ವಾಯುವೆಂದು ತಳ್ಳಿಹಾಕತಕ್ಕದ್ದಲ್ಲ. ಅರ್ಬುದದ ಸಂಶಯವಿದ್ದರೆ ಅದರಲ್ಲಿಯೇ ಪರಿಣತರಾದವರ ಬಳಿಗೆ, ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಂತಹ ಕಡೆಗೆ, ಮೊದಲೇ ಹೋಗುವುದು ಲೇಸು.

ಒಂದು ಅಪಾಯವನ್ನು ಮಾತ್ರ ಪ್ರತಿಯೊಂದು ಮನೆಯವರೂ ನೆನಪಿನಲ್ಲಿಡಬೇಕು. ಗಡ್ಡೆಯ ಭಾರಕ್ಕೆ ಅಂಡಾಶಯವು ತನ್ನ ತೊಟ್ಟಿನ ಮೇಲೆಯೇ ತಿರುಚಿಕೊಳ್ಳುವುದುಂಟು. ಆಗ ರಕ್ತಸಂಚಾರವು ನಿಂತು, ಕಿಬ್ಬೊಟ್ಟೆಯ ಒಂದು ಭಾಗದಲ್ಲಿ ಹಠಾತ್ತಾಗಿ ತಡೆಯಲಾರದ ನೋವೂ ವಾಂತಿಯೂ ಆಗುವುವು. ಇದು ನಾಳೆಗೆ ಕಾಯತಕ್ಕ ನೋವಲ್ಲ. ಗಂಟೆಗಳ ಲೆಕ್ಕದಲ್ಲಿ ಆಸ್ಪತ್ರೆಯನ್ನು ಸೇರಬೇಕು. ೧೦೮ ಸಂಖ್ಯೆಗೆ ಕರೆ ಮಾಡಿದರೆ ಆಂಬುಲೆನ್ಸ್ ಬರುವುದು.

ನಾವು ಇದನ್ನು ಒತ್ತಿ ಬರೆಯುವುದಕ್ಕೆ ಕಾರಣವಿದೆ. ನಾವು ಹತ್ತು ವರ್ಷದ ಬಾಲಕರಾಗಿದ್ದಾಗ ನಮ್ಮ ದೊಡ್ಡಮ್ಮನವರಿಗೆ ಒಂದು ರಾತ್ರಿ ಇಂತಹುದೇ ನೋವು ಬಂದಿತು. ಹೊಟ್ಟೆಯಲ್ಲಿ ಏನೋ ಗಂಟಿರುವುದೆಂದು ಅವರು ವರ್ಷದಿಂದ ನಮ್ಮ ತಾಯಿಯೊಬ್ಬರಿಗೆ ಮಾತ್ರ ಹೇಳಿಕೊಂಡಿದ್ದರು. ಗಂಡಸರ ಕಿವಿಗೆ ಬೀಳಬಾರದೆಂದು ಆಣೆಯನ್ನೂ ಹಾಕಿಸಿಕೊಂಡಿದ್ದರು. ಆ ರಾತ್ರಿ ದೃಷ್ಟಿ ತೆಗೆದರು, ಓಮದ ಕಷಾಯ ಕೊಟ್ಟರು, ಬೆಳಗಾಗಲೆಂದರು. ಬೆಳಗಾದ ಮೇಲೆ ಗಾಡಿ ಕಟ್ಟಿ, ಬಸ್ಸು ಹಿಡಿದು, ಮೈಸೂರನ್ನು ತಲಪುವ ಹೊತ್ತಿಗೆ ಸಂಜೆಯಾಗಿತ್ತು. ಅವರು ಹಿಂದಿರುಗಲಿಲ್ಲ. ಅದು ತಿರುಚಿದ ಗಡ್ಡೆಯೇ ಆಗಿತ್ತೆಂದು ಹೇಳಬಲ್ಲವರು ಈಗ ಯಾರೂ ಉಳಿದಿಲ್ಲ. ಆದರೆ ಆ ಆಣೆಯ ಮಾತನ್ನು ನೆನೆದು ನಮ್ಮ ತಾಯಿಯು ಬದುಕಿರುವವರೆಗೂ ಕಣ್ಣೀರಿಡುತ್ತಿದ್ದರು.

ಹಿಂದಿನವರಿಗೆ ಈ ವಿಷಯದಲ್ಲಿದ್ದ ಕಷ್ಟವನ್ನೂ ನೋಡಬೇಕು. ಸ್ತ್ರೀಯರಲ್ಲಿ ಮಾತ್ರ ಉಂಟಾಗುವ ರಕ್ತಗುಲ್ಮವೆಂಬುದು ಗರ್ಭವನ್ನೇ ಹೋಲುವುದೆಂದು ಚರಕಸಂಹಿತೆಯು ಹೇಳಿ, ಹತ್ತನೆಯ ತಿಂಗಳು ಕಳೆದ ಮೇಲೆಯೇ ಅದಕ್ಕೆ ಚಿಕಿತ್ಸೆ ಮಾಡಬೇಕೆಂದು ವಿಧಿಸಿದೆ. ಒಳಗಿರುವುದು ಶಿಶುವೋ ಗಂಟೋ ಎಂಬುದನ್ನು ಕಾಲವೇ ತೋರಿಸಬೇಕಾಗಿದ್ದ ದಿನಗಳವು. ಅಮೆರಿಕದ ಕೆಂಟಕಿ ಪ್ರಾಂತದಲ್ಲಿ ೧೮೦೯ರಲ್ಲಿ ಜೇನ್ ಕ್ರಾಫರ್ಡ್ ಎಂಬ ಸ್ತ್ರೀಗೂ ಗರ್ಭವೆಂದೇ ಹೇಳಿದ್ದರು. ಎಫ್ರೈಮ್ ಮ್ಯಾಕ್‌ಡವೆಲ್ ಎಂಬ ವೈದ್ಯನು ಅದು ಅಂಡಾಶಯದ ಗಡ್ಡೆಯೆಂದು ತಿಳಿದು, ಶಸ್ತ್ರದಿಂದ ಬದುಕಿದವರು ಇದುವರೆಗೆ ಇಲ್ಲವೆಂಬುದನ್ನೂ ಮರೆಮಾಚದೆ ಅವಳಿಗೇ ಹೇಳಿದನು. ಆಕೆಯು ಒಪ್ಪಿ, ಸುಮಾರು ೬೦ ಮೈಲಿ ಕುದುರೆಯ ಮೇಲೆ ಅವನ ಊರಿಗೆ ಹೋದಳು. ಅರಿವಳಿಕೆಯೇ ಇಲ್ಲದ ಕಾಲ. ಸುಮಾರು ೧೦ ಕಿಲೋಗ್ರಾಮಿನ ಗಡ್ಡೆಯನ್ನು ಅವನು ೨೫ ನಿಮಿಷಗಳಲ್ಲಿ ತೆಗೆದನು. ಆ ತಾಯಿಯು ಅನಂತರ ೩೨ ವರ್ಷ ಬದುಕಿದಳು. ನಿಜವನ್ನು ರೋಗಿಗೇ ಹೇಳಿ, ಅವಳ ಒಪ್ಪಿಗೆಯನ್ನು ಅವಳಿಂದಲೇ ಪಡೆದ ಆ ನಡತೆಯು ನಮಗೆ ಶಸ್ತ್ರದಷ್ಟೇ ದೊಡ್ಡದಾಗಿ ತೋರುವುದು. ಇಂದು ಹತ್ತು ತಿಂಗಳು ಕಾಯಬೇಕಾಗಿಲ್ಲ. ಸ್ಕ್ಯಾನಿಂಗಿಗೆ ಹತ್ತು ನಿಮಿಷ ಸಾಕು. ಅದರ ಅರ್ಥವನ್ನು ಆಕೆಗೆ ಹೇಳುವುದಕ್ಕೆ ನಮಗೆ ಇನ್ನೂ ನಾಲಗೆ ಹೊರಳದು.

ನಮ್ಮ ಶಿಷ್ಯನ ಹೆಂಡತಿಯ ಕಥೆಗೆ ಬರೋಣ. ೧೯೯೭ರಲ್ಲಿ ಚಾಮರಾಜನಗರವು ಪ್ರತ್ಯೇಕ ಜಿಲ್ಲೆಯಾಗುವ ಮುನ್ನ ಇಂತಹುದಕ್ಕೆಲ್ಲ ಮೈಸೂರೇ ಗತಿಯಾಗಿತ್ತು. ಇಲ್ಲಿಯೇ ವೈದ್ಯಕೀಯ ಕಾಲೇಜು ೨೦೧೬ರಲ್ಲಿ ಪ್ರಾರಂಭವಾಯಿತು. ಗುಂಡ್ಲುಪೇಟೆಯಿಂದ ತೆರಕಣಾಂಬಿಯ ಮೇಲೆ ಸುಮಾರು ೩೫ ಕಿಲೋಮೀಟರು ಬಂದರಾಯಿತು. ಒಡವೆಯನ್ನು ಅಡವಿಡುವ ಮುನ್ನ ಸರ್ಕಾರಿ ಆಸ್ಪತ್ರೆಯಲ್ಲಿ ಕೇಳಿರೆಂದು ನಾವು ಹೇಳಿದೆವು. ೨೦೧೮ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ ೫ ಲಕ್ಷ ರೂಪಾಯಿಗಳವರೆಗಿನ ಚಿಕಿತ್ಸೆಗೆ ಅವಕಾಶವಿದೆ. ಪಡಿತರ ಚೀಟಿ, ಆಧಾರ್ ಕಾರ್ಡು, ಹಳೆಯ ವರದಿಗಳು ಇವನ್ನೆಲ್ಲ ಒಂದೇ ಚೀಲದಲ್ಲಿ ಕೂಡಿಡುವುದು ಸಿದ್ಧತೆಯ ಮೊದಲ ಹೆಜ್ಜೆ.

ಹೊರಡುವ ಮುನ್ನ ಅವಳು ವೈದ್ಯರನ್ನು ಕೇಳತಕ್ಕ ಪ್ರಶ್ನೆಗಳನ್ನು ನಮ್ಮ ಮನೆಯಾಕೆಯು ಅವಳ ಕೈಯಲ್ಲಿಯೇ ಒಂದು ಹಾಳೆಯ ಮೇಲೆ ಬರೆಯಿಸಿದರು. ಗಡ್ಡೆಯು ಯಾವ ಜಾತಿಯದು? ಈಗ ತೆಗೆಯದೆ ಕಾದರೆ ಏನಾಗುವುದು? ಗಡ್ಡೆಯನ್ನು ಮಾತ್ರ ತೆಗೆಯುವಿರೋ, ಅಂಡಾಶಯವನ್ನೂ ತೆಗೆಯುವಿರೋ? ಸಣ್ಣ ರಂಧ್ರಗಳ ಮೂಲಕ ಮಾಡುವ ಲ್ಯಾಪ್ರೋಸ್ಕೋಪಿಯೋ, ಹೊಟ್ಟೆಯನ್ನು ಕೊಯ್ದು ಮಾಡುವ ಶಸ್ತ್ರವೋ? ಮುಂದೆ ಮಕ್ಕಳಾಗುವುದೇ? ಒಂದು ಅಂಡಾಶಯವು ಹೋದರೂ ಇನ್ನೊಂದು ಸ್ವಸ್ಥವಾಗಿದ್ದರೆ ಮುಟ್ಟೂ ಗರ್ಭಧಾರಣೆಯೂ ಸಾಧ್ಯವೆಂಬುದನ್ನು ಇಲ್ಲಿ ಹೇಳಬೇಕು. ಎರಡನ್ನೂ ತೆಗೆದರೆ ಮಾತ್ರ ಮುಟ್ಟು ನಿಲ್ಲುವುದು. ಅಕಾಲದಲ್ಲಿ ಹಾಗಾದರೆ ಎಲುಬುಗಳೂ ಬಲಗುಂದುವುವು. ಗಡ್ಡೆಯ ನೆಪದಲ್ಲಿ ಗರ್ಭಕೋಶವನ್ನೂ ತೆಗೆಸಿಬಿಡುವ ಮಾತು ಬಂದರೆ ಅದಕ್ಕೆ ಬೇರೆಯೇ ಕಾರಣವನ್ನು ಕೇಳಬೇಕು, ಬೇಕಾದರೆ ಎರಡನೆಯ ವೈದ್ಯರನ್ನೂ ಕಾಣಬೇಕು. ಅನವಶ್ಯಕವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯುವ ಮಾರ್ಗಸೂಚಿಗಳನ್ನು ರಾಜ್ಯಗಳು ಜಾರಿಗೊಳಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವೇ ೨೦೨೩ರಲ್ಲಿ ಹೇಳಬೇಕಾಯಿತೆಂದ ಮೇಲೆ, ನೆರೆಯವರ ಆ ಸಲಹೆಯು ಎಷ್ಟು ದೂರ ಹಬ್ಬಿರುವುದೆಂದು ಊಹಿಸಿಕೊಳ್ಳಬಹುದು.

ವೈದ್ಯರು ಪರೀಕ್ಷಿಸಿ, ಗಡ್ಡೆಯನ್ನು ಮಾತ್ರ ಲ್ಯಾಪ್ರೋಸ್ಕೋಪಿಯಿಂದ ತೆಗೆಯಬಹುದೆಂದು ಹೇಳಿ, ಫಾಲ್ಗುಣದಲ್ಲಿ ದಿನವನ್ನು ಗೊತ್ತುಮಾಡಿದರು. ಸುಶ್ರುತಾಚಾರ್ಯನು ಶಸ್ತ್ರವಿದ್ಯೆಯನ್ನು ಪೂರ್ವಕರ್ಮ, ಪ್ರಧಾನಕರ್ಮ, ಪಶ್ಚಾತ್ಕರ್ಮವೆಂದು ಮೂರಾಗಿ ವಿಂಗಡಿಸಿದ್ದಾನೆ. ಪ್ರಧಾನಕರ್ಮವು ವೈದ್ಯರದು. ಉಳಿದ ಎರಡರಲ್ಲಿ ಮನೆಯವರ ಪಾಲು ದೊಡ್ಡದು.

ಪೂರ್ವಕರ್ಮದಲ್ಲಿ ರಕ್ತ, ಮೂತ್ರ, ಹೃದಯಗಳ ಪರೀಕ್ಷೆ ನಡೆಯುವುದು; ಗರ್ಭವಿಲ್ಲವೆಂಬುದನ್ನೂ ನೋಡುವರು. ರಕ್ತಹೀನತೆಯಿದ್ದರೆ ಅದನ್ನು ಮೊದಲು ಸರಿಪಡಿಸುವರು. ಅರಿವಳಿಕೆಯ ವೈದ್ಯರು ಕೇಳಿದಾಗ ಏನನ್ನೂ ಮುಚ್ಚಿಡಬಾರದು: ಉಬ್ಬಸ, ಹಿಂದಿನ ಆಪರೇಷನ್, ಒಗ್ಗದ ಔಷಧ, ಸಕ್ಕರೆಯ ಮಾತ್ರೆ, ರಕ್ತವನ್ನು ತೆಳುಮಾಡುವ ಮಾತ್ರೆ, ಕದ್ದು ಕುಡಿದ ನಾಟಿ ಔಷಧ, ಬಾಯಿಗೆ ಹಾಕುವ ಹೊಗೆಸೊಪ್ಪು ಎಲ್ಲವನ್ನೂ ಹೇಳಬೇಕು. ಯಾವ ಮಾತ್ರೆಯನ್ನು ನಿಲ್ಲಿಸಬೇಕು, ಯಾವುದನ್ನು ಆ ದಿನವೂ ನುಂಗಬೇಕು ಎಂಬುದನ್ನು ಅವರೇ ಹೇಳುವರು, ತಾವಾಗಿ ನಿಲ್ಲಿಸಕೂಡದು. ಹೊಗೆಸೊಪ್ಪನ್ನು ಮಾತ್ರ ದಿನ ಗೊತ್ತಾದಂದಿನಿಂದಲೇ ಬಿಡುವುದು ಒಳ್ಳೆಯದು.

ಉಪವಾಸದ ವಿಷಯದಲ್ಲಿ ಮನೆಯವರ ಮಮತೆಯೇ ಅಪಾಯವಾಗುವುದುಂಟು. ಮಂಪರಿನಲ್ಲಿ ಹೊಟ್ಟೆಯಲ್ಲಿದ್ದುದು ಮೇಲಕ್ಕೆ ಬಂದು ಶ್ವಾಸನಾಳವನ್ನು ಹೊಕ್ಕರೆ ಪ್ರಾಣಕ್ಕೆ ಸಂಚಕಾರ. ಸಾಮಾನ್ಯವಾಗಿ ಶಸ್ತ್ರಕ್ಕೆ ಕನಿಷ್ಠ ೬ ಗಂಟೆ ಮುಂಚಿನಿಂದ ಆಹಾರವನ್ನೂ, ೨ ಗಂಟೆ ಮುಂಚಿನಿಂದ ನೀರನ್ನೂ ಬಿಡಬೇಕು. ಆಸ್ಪತ್ರೆಯವರು ಹೇಳಿದ ಸಮಯವೇ ಪ್ರಮಾಣ. ಹಾಲು ಬೆರೆಸಿದ ಕಾಫಿಯು ನೀರಲ್ಲ, ಆಹಾರವೇ. "ಒಂದು ಲೋಟ ಕುಡಿಯಲಿ, ಪಾಪ" ಎಂದು ಸೆರಗಿನ ಮರೆಯಲ್ಲಿ ಕೊಡುವವರು ಇದನ್ನು ತಿಳಿಯಬೇಕು. ಉದರ ಮೊದಲಾದ ಕೆಲವು ರೋಗಗಳಲ್ಲಿ ಉಣ್ಣದವರಿಗೇ ಶಸ್ತ್ರ ಮಾಡಬೇಕೆಂದು ಸುಶ್ರುತನೂ ಹೇಳಿರುವುದರಿಂದ, ಇದು ಹೊಸಬರ ಕಟ್ಟಳೆಯೆಂದು ಯಾರೂ ಗೊಣಗಬೇಕಾಗಿಲ್ಲ. ಹಿಂದಿನ ರಾತ್ರಿಯೂ ಬೆಳಿಗ್ಗೆಯೂ ಸಾಬೂನಿನಿಂದ ಸ್ನಾನ ಮಾಡಬೇಕು. ಮನೆಯಲ್ಲಿ ಕ್ಷೌರದ ಕತ್ತಿಯನ್ನು ಮುಟ್ಟಬಾರದು. ಕಾಣದ ಗಾಯಗಳಿಂದ ನಂಜಾಗುವುದು. ಬೆರಳಿಗೆ ಮದರಂಗಿ, ಉಗುರಿಗೆ ಬಣ್ಣ ಬೇಡ. ರಕ್ತದಲ್ಲಿರುವ ಆಮ್ಲಜನಕವನ್ನಳೆಯುವ ಯಂತ್ರವನ್ನು ಬೆರಳಿಗೇ ಸಿಕ್ಕಿಸುವರು.

ಒಡವೆಯ ಮಾತು ಬಂದಾಗ ಆಸ್ಪತ್ರೆಯಲ್ಲಿ ಬಿರುಗಾಳಿಯೇ ಎದ್ದಿತು. ಬಳೆ, ಮೂಗುಬೊಟ್ಟು, ಕಾಲುಂಗುರಗಳನ್ನು ತೆಗೆಯುವುದಕ್ಕೆ ಅತ್ತೆಯು ಒಪ್ಪಿದರು, ಮಾಂಗಲ್ಯಕ್ಕೆ ಬಂದಾಗ, "ನನ್ನ ಮಗ ಬದುಕಿರುವಾಗ ಸೊಸೆಯ ಕೊರಳು ಬರಿದಾಗುವುದೇ?" ಎಂದು ಅತ್ತುಬಿಟ್ಟರು. ಶಸ್ತ್ರದಲ್ಲಿ ಬಳಸುವ ವಿದ್ಯುತ್ತಿನಿಂದ ಲೋಹವಿದ್ದೆಡೆ ಸುಟ್ಟೀತೆಂದು ನರ್ಸಮ್ಮನವರು ತಾಳ್ಮೆಯಿಂದ ಹೇಳಿದರು. ಆಗ ನಮ್ಮ ಮನೆಯಾಕೆಯು ನೂಲಿನ ದಾರಕ್ಕೆ ಅರಿಸಿನದ ಕೊಂಬನ್ನು ಕಟ್ಟಬಹುದಲ್ಲವೇ ಎಂದರು. ನರ್ಸಮ್ಮನವರು ಅದನ್ನು ಮಣಿಕಟ್ಟಿಗೆ ಕಟ್ಟಲು ಒಪ್ಪಿದರು. ತಮ್ಮ ಹೊಲದಲ್ಲಿಯೇ ಬೆಳೆದ ಕೊಂಬನ್ನು ಅತ್ತೆಯು ಗಂಟಿನಿಂದ ತೆಗೆದು ತಾವೇ ಕಟ್ಟಿದರು. ಸಂಪ್ರದಾಯವನ್ನು ಜರೆಯದೆ ಕಾರಣವನ್ನು ತಿಳಿಸಿದರೆ ಹಿರಿಯರು ದಾರಿ ಬಿಡುವರು. ಸಮ್ಮತಿಪತ್ರವನ್ನು ತಂದಾಗ ನಮ್ಮ ಶಿಷ್ಯನು ಕೈ ಚಾಚಿದನು. ಮರುಕ್ಷಣವೇ ಹಿಂದಕ್ಕೆಳೆದು, ಅದನ್ನು ಅವಳಿಗೆ ಕೊಟ್ಟನು. ಅವಳು ಓದಿ ರುಜು ಮಾಡಿದಳು.

ಪಶ್ಚಾತ್ಕರ್ಮವನ್ನೂ ಮೊದಲೇ ಯೋಚಿಸಿರಬೇಕು. ಮಗುವನ್ನು ನೋಡುವವರಾರು, ಹಸುವನ್ನು ಕರೆಯುವವರಾರು, ನೀರು ತರುವವರಾರು ಎಂಬುದು ಗೊತ್ತಾಗದಿದ್ದರೆ ಮೂರನೆಯ ದಿನವೇ ಅವಳ ಸೊಂಟಕ್ಕೆ ಬಿಂದಿಗೆ ಏರುವುದು. ಲ್ಯಾಪ್ರೋಸ್ಕೋಪಿಯಾದರೆ ಹೆಚ್ಚಾಗಿ ಒಂದೆರಡು ದಿನಗಳಲ್ಲಿ ಮನೆಗೆ ಬರಬಹುದು. ಹೊಟ್ಟೆ ಕೊಯ್ದಿದ್ದರೆ ನಾಲ್ಕರಿಂದ ಆರು ವಾರಗಳ ವಿಶ್ರಾಂತಿ ಬೇಕು. ಹೊಟ್ಟೆಗೆ ತುಂಬಿದ ಅನಿಲದಿಂದ ಒಂದೆರಡು ದಿನ ಭುಜ ನೋಯುವುದುಂಟು; ಗಾಬರಿ ಬೇಡ. ನೀರು ಕುಡಿದರೆ ಗಾಯವು ಕೀವಾಗುವುದೆಂಬ ಮಾತು ನಿಜವಲ್ಲ. ವೈದ್ಯರು ಹೇಳಿದೊಡನೆ ಎದ್ದು ನಾಲ್ಕು ಹೆಜ್ಜೆ ನಡೆದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದು. ಜ್ವರ, ಗಾಯದಿಂದ ಕೀವು, ಹೆಚ್ಚುತ್ತಿರುವ ನೋವು, ಒಂದು ಕಾಲಿನ ಬಾವು, ಏದುಸಿರು, ಇವುಗಳಲ್ಲಿ ಯಾವುದು ಕಂಡರೂ ಕೂಡಲೇ ಹಿಂದಿರುಗಬೇಕು. ತೆಗೆದ ಗಡ್ಡೆಯನ್ನು ಬಯಾಪ್ಸಿ ಪರೀಕ್ಷೆಗೆ ಕಳುಹಿಸುವರು. ಹೊಲಿಗೆ ಒಣಗಿತೆಂದು ಆ ವರದಿಯನ್ನು ತರದೆ ಬಿಡುವವರು ಹಲವರು. ಕಾರ್ಯವು ಮುಗಿಯುವುದು ಅದನ್ನು ಓದಿದ ಮೇಲೆಯೇ.

ಎರಡು ವಾರಗಳ ತರುವಾಯ ಅವರೆಲ್ಲರೂ ಆಸ್ಪತ್ರೆಯಿಂದ ನೇರವಾಗಿ ನಮ್ಮ ಮನೆಗೆ ಬಂದರು. ನಾವು ಅಭ್ಯಾಸಬಲದಿಂದ ಕನ್ನಡಕಕ್ಕಾಗಿ ತಡಕಾಡುತ್ತಿದ್ದೆವು. ಕಾಗದವು ನಮ್ಮ ಕೈಗೆ ಬರಲಿಲ್ಲ. ಆ ಹೆಣ್ಣುಮಗಳು ಅದನ್ನು ತಾನೇ ಬಿಚ್ಚಿ, ಅಕ್ಷರಕ್ಕೆ ಅಕ್ಷರ ಕೂಡಿಸಿ ಓದುತ್ತ ಬಂದು, ಒಂದು ಮಾತಿನಲ್ಲಿ ನಿಂತಳು. "ಬಿನೈನ್ ಅಂದರೇನು, ಮೇಷ್ಟ್ರೇ?" ಎಂದು ಕೇಳಿದಳು. "ಸೌಮ್ಯವಾದುದು, ಕ್ಯಾನ್ಸರ್ ಅಲ್ಲ, ತಾಯಿ" ಎಂದೆವು. ಅವಳು ಆ ಅರ್ಥವನ್ನು ಅತ್ತೆಯ ಕಡೆಗೆ ತಿರುಗಿ ಇನ್ನೊಮ್ಮೆ ಹೇಳಿ, ಕಾಗದವನ್ನು ಮಡಿಸಿ ತನ್ನ ಚೀಲದಲ್ಲಿಯೇ ಇಟ್ಟುಕೊಂಡಳು.